ಅದೇ ಗುಹೆ, ಅದೇ ಬಾಸ್, ನೂರನೇ ಸಲ: ಲೂಟ್ ಗೇಮ್‌ಗಳಲ್ಲಿ ನಿಮಗೆ ಹೊಂದುವುದು ಯಾವುದು?

ಕಳೆದ ತಿಂಗಳು ಮೂರು ಕಡೆಯಿಂದ ನನಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಬಂತು.

ಮೊದಲು ಕೇಳಿದವನು ಅಕ್ಕನ ಮಗ. ಅಕ್ಕನ ಮನೆ ಶಿರಾದಲ್ಲಿ. ಅವನು ಇಲ್ಲಿ ತುಮಕೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ. ಕೈಯಲ್ಲಿ ಹಳೇ ಲ್ಯಾಪ್‌ಟಾಪ್, ರೂಮಿನಲ್ಲಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವಂಥ ವೈಫೈ. "ಚಿಕ್ಕಮ್ಮ, ಡಯಾಬ್ಲೊ ಶುರು ಮಾಡ್ಲಾ, ವಾರ್‌ಫ್ರೇಮ್ ಶುರು ಮಾಡ್ಲಾ? ಎರಡರಲ್ಲೂ ಮಾಡಿದ್ದೇ ಮಾಡ್ಬೇಕಂತೆ, ನಿಜಾನಾ?" ಅಂದ. ಎರಡನೆಯವಳು ಬೆಳಿಗ್ಗೆ ನನ್ನ ಜೊತೆ ಬೆಂಗಳೂರಿನ ರೈಲು ಹತ್ತುವ ಗೆಳತಿ. 70 ಕಿಲೋಮೀಟರ್ ಹೋಗಿ, 70 ಕಿಲೋಮೀಟರ್ ಬಂದು, ಅಡುಗೆ ಊಟ ಮುಗಿಸಿದ ಮೇಲೆ ಅವಳಿಗೆ ಉಳಿಯುವುದು ಮುಕ್ಕಾಲು ಗಂಟೆ. ಆಮೇಲೆ ಕ್ಯಾತ್ಸಂದ್ರದ ಗಂಡ-ಹೆಂಡತಿ. ಮನೆಯಲ್ಲಿ ಟಿವಿಗೆ ಜೋಡಿಸುವ ಗೇಮ್ ಯಂತ್ರ ಪಿಎಸ್4, ಎರಡು ಕಂಟ್ರೋಲರ್, ಕೈತುಂಬ ಭಾನುವಾರ.

ಎಲ್ಲರಿಗೂ ಲೂಟ್ ಗೇಮ್ ಆಡಬೇಕು ಅಂತ ಆಸೆ. ಎಲ್ಲರಿಗೂ ಒಂದೇ ಭಯ: ಅದನ್ನೇ ಅದನ್ನೇ ಮಾಡಿ ಬೇಜಾರಾಗಲ್ವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಇಂಥ ಆಟದಲ್ಲಿ ಶತ್ರುವನ್ನು ಹೊಡೆದರೆ ಕತ್ತಿ, ಕವಚ, ಉಂಗುರ ಹೀಗೆ ಏನಾದರೂ ಬೀಳುತ್ತದೆ. ಅದೇ ಲೂಟ್. ನಮಗೆ ಬೇಕಾದ್ದು ಬೀಳುವ ತನಕ ಅದೇ ಜಾಗಕ್ಕೆ ಹೋಗಿ ಅದೇ ಶತ್ರುವನ್ನು ಹೊಡೆಯುತ್ತಿರುವುದು ಗ್ರೈಂಡ್. ಒಂದು ಜಾಗದ ದೊಡ್ಡ ಶತ್ರುವೇ ಬಾಸ್. 1990ರ ದಶಕದಲ್ಲಿ ಬಂದ ಡಯಾಬ್ಲೊ ಈ ಹುಚ್ಚನ್ನು ಮನೆಮನೆಗೆ ತಂದಿತು.

ಬೇಜಾರಾಗುತ್ತಾ ಅಂದರೆ, ತಪ್ಪು ಆಟ ಆರಿಸಿಕೊಂಡರೆ ಖಂಡಿತ ಆಗುತ್ತದೆ. ಸರಿಯಾದದ್ದು ಸಿಕ್ಕರೆ ಅದರಷ್ಟು ನೆಮ್ಮದಿ ಕೊಡುವ ಆಟ ಇನ್ನೊಂದಿಲ್ಲ. ಇದು ನನಗೆ ಅರ್ಥವಾಗಿದ್ದು ಗೇಮ್‌ನಿಂದ ಅಲ್ಲ, ಅಜ್ಜಿಯಿಂದ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಹುಣಸೆಹಣ್ಣಿನ ಕಾಲ. ಅಜ್ಜಿ ಮತ್ತು ಅಕ್ಕಪಕ್ಕದ ಮನೆಯವರು ಮಧ್ಯಾಹ್ನ ಜಗಲಿ ಮೇಲೆ ರಾಶಿ ಹಾಕಿಕೊಂಡು ಕೂರುತ್ತಿದ್ದರು. ಓಡು ಸುಲಿಯುವುದು, ನಾರು ಎಳೆಯುವುದು, ಕುಟ್ಟಿ ಬೀಜ ಬಿಡಿಸುವುದು. ಇಡೀ ದಿನ ಅಷ್ಟೇ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಮಾತು ತನ್ನ ಪಾಡಿಗೆ ನಡೆಯುತ್ತಿತ್ತು. ನಡುವೆ ಎಲ್ಲೋ ಒಂದು ದಪ್ಪ ಹಣ್ಣು, ಓಡು ಒಂದೇ ಏಟಿಗೆ ಪೂರ್ತಿ ಕಳಚಿಕೊಂಡು ಬರುವಂಥದ್ದು ಸಿಗುತ್ತಿತ್ತು. ಅಜ್ಜಿ ಅದನ್ನು ರಾಶಿಗೆ ಹಾಕುತ್ತಿರಲಿಲ್ಲ, ತಿರುಗಿ ನೋಡದೆಯೇ ನನ್ನ ಕಡೆ ಚಾಚುತ್ತಿದ್ದಳು. ಆ ಒಂದು ಹಣ್ಣಿಗೋಸ್ಕರ ಯಾರೂ ಇಡೀ ದಿನ ಕೂರುತ್ತಿರಲಿಲ್ಲ. ಕೂತಿರುವುದೇ ಹಿತವಾಗಿತ್ತು, ಅದಕ್ಕೇ ಆ ಹಣ್ಣು ಅಷ್ಟು ಸಿಹಿ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ಇದು: ಏನೂ ಬೀಳದಿದ್ದರೂ ಆ ಐದು ನಿಮಿಷದ ಹೊಡೆದಾಟ ನಿಮಗೆ ಇಷ್ಟವಾಯಿತಾ?

ಆರಿಸುವ ಮುಂಚೆ ನೋಡಬೇಕಾದ್ದು

ಈ ಪ್ರಶ್ನೆಗೇ ಯಾಕೆ ಅಷ್ಟು ಒತ್ತು ಅಂದರೆ, ಲೆಕ್ಕ ನಮ್ಮ ಪರವಾಗಿಲ್ಲ. ಒಂದು ಕತ್ತಿ ಬೀಳುವ ಸಾಧ್ಯತೆ ನೂರಕ್ಕೆ 1 ಅಂತಿಟ್ಟುಕೊಳ್ಳಿ. ನೂರು ಸಲ ಹೊಡೆದರೆ ಸಿಕ್ಕೇ ಸಿಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಇಲ್ಲ. ನೂರು ಸಲ ಹೊಡೆದ ಮೇಲೂ ಸಿಗದೇ ಇರುವ ಸಾಧ್ಯತೆ ಸುಮಾರು ಶೇ. 37. ಶೇ. 90ರಷ್ಟು ಭರವಸೆ ಬೇಕು ಅಂದರೆ 230 ಸಲ ಹೊಡೆಯಬೇಕು. ಸಿಕ್ಕಾಗಿನ ಒಂದು ಕ್ಷಣಕ್ಕಾಗಿ 229 ಸಲ ಹಲ್ಲು ಕಚ್ಚಿಕೊಂಡು ಆಡುವುದು ಆಟವಲ್ಲ, ಶಿಕ್ಷೆ.

ಹಾಗಿದ್ದರೂ ಬಿಡಲು ಆಗುವುದಿಲ್ಲ, ಅದಕ್ಕೂ ಕಾರಣ ಇದೆ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಎಷ್ಟು ಸಲ ಕುಕ್ಕಿದರೆ ಕಾಳು ಬರುತ್ತದೆ ಅಂತ ಗೊತ್ತಾಗದ ಹಾಗೆ ಇಟ್ಟರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಆದ್ದರಿಂದ "ಇನ್ನೊಂದೇ ಸಲ" ಅಂತ ಕೈ ಎಳೆಯುತ್ತಿದೆ ಅಂದ ಮಾತ್ರಕ್ಕೆ ಖುಷಿಯಾಗುತ್ತಿದೆ ಅಂತ ಅರ್ಥವಲ್ಲ. ಎರಡನ್ನೂ ಬೇರೆ ಬೇರೆಯಾಗಿ ಗಮನಿಸಿ.

ಎರಡನೆಯದು, ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು ಮತ್ತು ನಡುವೆ ಎದ್ದು ಹೋದರೆ ಏನಾಗುತ್ತದೆ. ಕುಕ್ಕರ್ ಕೂಗಿದರೆ ಎದ್ದು ಹೋಗಬೇಕಾದವರಿಗೆ ಇದು ಎಲ್ಲಕ್ಕಿಂತ ಮುಖ್ಯ.

ಮೂರನೆಯದು, ಗುರಿ ಕಾಣುತ್ತದಾ? ಕೆಲವು ಆಟಗಳಲ್ಲಿ ಇಂಥ ಸಾಮಾನು ಇಂಥಲ್ಲೇ ಸಿಗುತ್ತದೆ, ಇಷ್ಟು ಬೇಕು ಅಂತ ಬರೆದಿರುತ್ತದೆ. ಕೆಲವದರಲ್ಲಿ ಎಲ್ಲಾ ಅದೃಷ್ಟ. ಎರಡಕ್ಕೂ ಅದರದರ ರುಚಿ ಇದೆ. ನಾಲ್ಕನೆಯದು ನೆಟ್ ಮತ್ತು ಕರೆಂಟ್. ಐದನೆಯದು ದುಡ್ಡು: ಆಟಕ್ಕೆ ಒಂದೇ ಸಲ ಕೊಡುವುದಾ, ಇಲ್ಲಾ ಪುಕ್ಕಟೆ ಅಂತ ಕರೆದು ಆಮೇಲೆ ಕೇಳುವುದಾ. ಜೊತೆಗೆ ಆಡಲು ಯಾರಾದರೂ ಇದ್ದಾರಾ ಅನ್ನುವುದನ್ನೂ ನೋಡಿ, ಒಂಟಿಯಾಗಿ ಸಪ್ಪೆ ಅನಿಸಿದ ಆಟ ಜೊತೆಯಾದಾಗ ಬೇರೆಯೇ ಆಗಿಬಿಡುತ್ತದೆ.

ಮಾನ್‌ಸ್ಟರ್ ಹಂಟರ್ ವರ್ಲ್ಡ್: ಪ್ರತಿ ಸುತ್ತೂ ಒಂದು ಊಟ

2018ರಲ್ಲಿ ಬಂದ ಈ ಆಟ ನನ್ನ ಅಚ್ಚುಮೆಚ್ಚು, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಾವಿರ ಸಣ್ಣ ಶತ್ರುಗಳಿಲ್ಲ. ಒಂದು ಬೇಟೆಗೆ ಒಂದೇ ದೊಡ್ಡ ಪ್ರಾಣಿ. ಹದಿನೈದು ಇಪ್ಪತ್ತು ನಿಮಿಷ ಅದರ ಜೊತೆಗೇ ಸೆಣಸಾಟ. ಕೊಂದರೆ ಅಥವಾ ಹಿಡಿದರೆ ಅದರ ಚರ್ಮ, ಪೊರೆ, ಉಗುರು ಸಿಗುತ್ತವೆ. ಅದರಿಂದಲೇ ಕತ್ತಿ, ಕವಚ ಮಾಡಿಸಿಕೊಳ್ಳಬೇಕು.

ರಥಾಲೋಸ್ ಅಂತ ಒಂದು ಹಾರುವ ಕೆಂಪು ಡ್ರ್ಯಾಗನ್ ಇದೆ. ನನಗೆ ಅದರ ರೂಬಿ ಬೇಕಾಗಿತ್ತು. ತುಂಬಾ ಅಪರೂಪಕ್ಕೆ ಸಿಗುವಂಥದ್ದು. ಮೊದಲ ಬೇಟೆಯಲ್ಲಿ ಮೂರು ಸಲ ನೆಲಕ್ಕೆ ಬಿದ್ದೆ. ಮೂರು ಸಲ ಬಿದ್ದರೆ ಬೇಟೆ ಮುಗಿಯಿತು, ವಾಪಸ್ ಬರಬೇಕು. ಐದನೇ ಬೇಟೆಗೆ, ಬೆಂಕಿ ಉಗುಳುವ ಮುಂಚೆ ಅದು ಕತ್ತು ಹಿಂದಕ್ಕೆಳೆಯುತ್ತದೆ ಅಂತ ಕಣ್ಣಿಗೆ ಬಿತ್ತು. ಆಮೇಲೆ ಹಾರುತ್ತಿರುವಾಗ ಮುಖಕ್ಕೆ ಫ್ಲ್ಯಾಶ್ ಹೊಡೆದರೆ ದೊಪ್ಪನೆ ಬೀಳುತ್ತದೆ ಅಂತ ಕಲಿತೆ. ಬಾಲಕ್ಕೇ ಗುರಿಯಿಟ್ಟು ಕಡಿದರೆ ಬಾಲ ತುಂಡಾಗಿ ಬೀಳುತ್ತದೆ, ಅದರಿಂದ ಬೇರೆಯಾಗಿ ಸಾಮಾನು ತೆಗೆಯಬಹುದು. ಏಟು ಜಾಸ್ತಿಯಾದಾಗ ಕುಂಟುತ್ತಾ ಗೂಡಿಗೆ ಹೋಗಿ ಮಲಗುತ್ತದೆ. ಆಗ ಬೋನು ಹಾಕಿ ಹಿಡಿಯಬಹುದು. ರೂಬಿ ಸಿಗುವ ಹೊತ್ತಿಗೆ ಎಷ್ಟನೇ ಬೇಟೆ ಅಂತ ಎಣಿಸುವುದನ್ನೇ ಬಿಟ್ಟಿದ್ದೆ. ಮೊದಲ ದಿನ ನನ್ನನ್ನು ಸುಟ್ಟುಹಾಕಿದ ಪ್ರಾಣಿ ಆ ದಿನ ನನ್ನನ್ನು ಒಂದು ಸಲವೂ ಬೀಳಿಸಲಿಲ್ಲ. ಅದು ರೂಬಿಗಿಂತ ದೊಡ್ಡ ಖುಷಿ.

ಈ ಆಟದಲ್ಲಿ ಲೆವೆಲ್ ಏರಿ ದೇಹ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗುವುದು ಕವಚ ಮತ್ತು ನಿಮ್ಮ ಕೈ. ಹದಿನಾಲ್ಕು ಬಗೆಯ ಆಯುಧಗಳಿವೆ. ಒಂದನ್ನು ಬಿಟ್ಟು ಇನ್ನೊಂದು ಹಿಡಿದರೆ ಹೊಸ ಆಟ ಶುರುವಾದ ಹಾಗೆ. ದುಡ್ಡು ಒಂದೇ ಸಲ ಕೊಡುವುದು, ಹಬ್ಬದ ಸೇಲ್‌ಗಳಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ. ನೆಟ್ ಇಲ್ಲದೆಯೂ ಒಬ್ಬರೇ ಆಡಬಹುದು, ಇದ್ದರೆ ನಾಲ್ಕು ಜನ.

ತೊಂದರೆ ಇರುವುದು ಸಮಯದಲ್ಲಿ. ಬೇಟೆಯನ್ನು ಮಧ್ಯದಲ್ಲೇ ಕೈಬಿಟ್ಟರೆ ಅಷ್ಟೂ ಶ್ರಮ ನೀರಿಗೆ ಹೋಯಿತು. ಕಂಪ್ಯೂಟರಿನಲ್ಲಿ ಆಡುವಾಗ ಇಪ್ಪತ್ತನೇ ನಿಮಿಷಕ್ಕೆ ಕರೆಂಟ್ ಹೋದರಂತೂ ಅಳು ಬರುತ್ತದೆ. ಯುಪಿಎಸ್ ಇರಲಿ. ಮೊದಲ ಹತ್ತು ಗಂಟೆ ಗೊಂದಲವೂ ಜಾಸ್ತಿ. ತಾಳ್ಮೆ ಇರುವವರಿಗೆ ಇದು.

ವಾರ್‌ಫ್ರೇಮ್: ಗುರಿ ಕಾಣುವ ಗ್ರೈಂಡ್

2013ರಿಂದ ನಡೆಯುತ್ತಿರುವ ಪುಕ್ಕಟೆ ಆಟ. ಓಡುವುದು, ಗೋಡೆಯಿಂದ ಗೋಡೆಗೆ ನೆಗೆಯುವುದು, ಗಾಳಿಯಲ್ಲೇ ತಿರುಗಿ ಬಾಣ ಬಿಡುವುದು, ಇವು ಅಷ್ಟು ಸಲೀಸು. ಸುಮ್ನೆ ಓಡುತ್ತಿದ್ದರೂ ಹಿತ. ಹೆಚ್ಚಿನ ಮಿಷನ್‌ಗಳು ಹತ್ತು ನಿಮಿಷದೊಳಗೆ ಮುಗಿಯುತ್ತವೆ. ನನ್ನ ರೈಲಿನ ಗೆಳತಿಗೆ ನಾನು ಹೇಳಿದ್ದು ಇದನ್ನೇ.

ಇಲ್ಲಿನ ಗ್ರೈಂಡ್ ಬೇರೆಯವಕ್ಕಿಂತ ಪ್ರಾಮಾಣಿಕ ಅನ್ನುವುದು ನನ್ನ ಅಭಿಪ್ರಾಯ. ಪ್ರೈಮ್ ಅನ್ನುವ ಒಳ್ಳೆಯ ಸಾಮಾನುಗಳು ರೆಲಿಕ್ ಅನ್ನುವ ಮುಚ್ಚಿದ ಕರಂಡಕ ಒಡೆದರೆ ಸಿಗುತ್ತವೆ. ಪ್ರತಿ ರೆಲಿಕ್‌ನಲ್ಲಿ ಆರು ಸಾಮಾನು, ಯಾವುದರ ಸಾಧ್ಯತೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಸಾದಾ ರೆಲಿಕ್‌ನಲ್ಲಿ ಅತಿ ಅಪರೂಪದ್ದು ಬರುವುದು ಶೇ. 2. ಆಡುತ್ತಾ ಸಿಗುವ ವಾಯ್ಡ್ ಟ್ರೇಸ್ ಅನ್ನುವುದನ್ನು 100 ಖರ್ಚು ಮಾಡಿ ರೆಲಿಕ್ ಅನ್ನು ರೇಡಿಯಂಟ್ ಅನ್ನುವ ಮೇಲಿನ ದರ್ಜೆಗೆ ಏರಿಸಿದರೆ ಶೇ. 10. ಇನ್ನೂ ಒಂದು ದಾರಿ ಇದೆ. ನಾಲ್ಕು ಜನ ಅದೇ ರೆಲಿಕ್ ಅನ್ನು ರೇಡಿಯಂಟ್ ಮಾಡಿ ಒಟ್ಟಿಗೆ ಒಡೆದರೆ, ನಾಲ್ವರಿಗೂ ಬಂದದ್ದರಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಒಬ್ಬರಿಗೆ ಬಂದರೂ ನಾಲ್ವರೂ ಅದನ್ನೇ ತೆಗೆದುಕೊಳ್ಳಬಹುದು. ಆಗ ಸಾಧ್ಯತೆ ಶೇ. 34ಕ್ಕೆ ಏರುತ್ತದೆ. ಮೂರು ಸಲಕ್ಕೆ ಒಂದು ಸಲ! ಒಬ್ಬನ ಅದೃಷ್ಟ ನಾಲ್ವರಿಗೂ ಹಂಚಿಕೆಯಾಗುವ ಈ ಏರ್ಪಾಡು ನನಗೆ ತುಂಬಾ ಇಷ್ಟ.

ಕಾಯಬೇಕಾದ್ದೂ ಇದೆ. ಹೊಸ ಫ್ರೇಮ್, ಅಂದರೆ ನಾವು ಆಡಿಸುವ ವೀರನನ್ನು ಕಟ್ಟಲು ಬಿಡಿಭಾಗಗಳಿಗೆ 12 ಗಂಟೆ, ಆಮೇಲೆ ಪೂರ್ತಿ ಫ್ರೇಮ್‌ಗೆ 72 ಗಂಟೆ. ದುಡ್ಡು ಕೊಟ್ಟರೆ ಬೇಗ ಆಗುತ್ತದೆ, ಆದರೆ ಅವಸರ ಇಲ್ಲದಿದ್ದರೆ ಬೇಡ. ದಿನಾ ಮುಕ್ಕಾಲು ಗಂಟೆ ಆಡುವವರಿಗೆ ಮೂರು ದಿನ ದೊಡ್ಡ ವಿಷಯವೇ ಅಲ್ಲ. ಆಟದ ದುಡ್ಡಾದ ಪ್ಲ್ಯಾಟಿನಮ್ ಅನ್ನು ಬೇರೆ ಆಟಗಾರರಿಗೆ ಸಾಮಾನು ಮಾರಿಯೂ ಗಳಿಸಬಹುದು. ಶುರುವಿನಲ್ಲಿ ಪುಕ್ಕಟೆಯಾಗಿ ಸಿಗುವ 50 ಪ್ಲ್ಯಾಟಿನಮ್ ಅನ್ನು ಬಣ್ಣ, ಅಲಂಕಾರಕ್ಕೆ ಹಾಕಬೇಡಿ. ಫ್ರೇಮ್ ಮತ್ತು ಆಯುಧ ಇಡುವ ಸ್ಲಾಟ್ ಕೊಳ್ಳಿ. ಇದನ್ನು ತಿಳಿಯದೆ ಕಳೆದುಕೊಂಡವರು ಬಹಳ ಜನ.

ನೆಟ್ ಇಲ್ಲದೆ ಈ ಆಟ ತೆರೆಯುವುದೇ ಇಲ್ಲ, ಅದು ನೆನಪಿರಲಿ.

ಡಯಾಬ್ಲೊ 2 ಮತ್ತು ಪಾತ್ ಆಫ್ ಎಕ್ಸೈಲ್: ಅದೃಷ್ಟದ ಕಡೆಗೆ

ಡಯಾಬ್ಲೊ 2 ಬಂದಿದ್ದು 2000ದಲ್ಲಿ. 2021ರಲ್ಲಿ ರಿಸರೆಕ್ಟೆಡ್ ಹೆಸರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ಬಂತು. ಹೊಡೆದಾಟ ಸರಳ, ಒಂದು ಸುತ್ತು ಎರಡು ಮೂರು ನಿಮಿಷ. ಆಫ್‌ಲೈನ್ ಆಡಿದರೆ ಕಷ್ಟದ ಮಟ್ಟ ಬದಲಿಸುವ ತನಕ ನಕ್ಷೆ ಬದಲಾಗುವುದಿಲ್ಲ. ಬಾಸ್‌ನ ಬಾಗಿಲು ಎಡಕ್ಕಾ ಬಲಕ್ಕಾ ಅಂತ ಕಾಲಿಗೆ ಗೊತ್ತಿರುತ್ತದೆ. ಮಂಡಿಪೇಟೆಯಲ್ಲಿ ಕಣ್ಣು ಮುಚ್ಚಿ ಅಂಗಡಿಗೆ ಹೋಗುವ ಹಾಗೆ. ಆಯುಧ, ಕವಚಕ್ಕೆ ಕೂರಿಸುವ ರೂನ್ ಅನ್ನುವ ಮಂತ್ರದ ಕಲ್ಲುಗಳು 33 ಇವೆ. ಸಣ್ಣ ರೂನ್ ಬೇಕು ಅಂದರೆ ಗೋಪುರದ ಕೆಳಗಿನ ಕೌಂಟೆಸ್ ಅನ್ನುವ ಬಾಸ್ ಕೊಡುತ್ತಾಳೆ. ದೊಡ್ಡವು ವರ್ಷಕ್ಕೊಮ್ಮೆ ಕಂಡರೂ ಪುಣ್ಯ. ಪಾಡ್‌ಕಾಸ್ಟೋ ಹಾಡೋ ಹಾಕಿಕೊಂಡು, ಕೈಗೆ ಕೆಲಸ ಕೊಟ್ಟು, ಮನಸ್ಸಿಗೆ ರಜೆ ಕೊಡುವವರಿಗೆ ಇದು ಹೇಳಿ ಮಾಡಿಸಿದ್ದು. ಇಲ್ಲಿ ಸಾಮಾನು ಇಡುವ ಜಾಗ ಮಾತ್ರ ಸದಾ ಸಾಲದು.

ಪಾತ್ ಆಫ್ ಎಕ್ಸೈಲ್ ಅದೇ ಜಾಡಿನದ್ದು, ಆದರೆ ಹತ್ತು ಪಟ್ಟು ಆಳ. ನ್ಯೂಜಿಲೆಂಡ್‌ನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರಲ್ಲಿ ಪುಕ್ಕಟೆ ಬಿಟ್ಟ ಆಟ. ಕೌಶಲ್ಯದ ಮರದಲ್ಲೇ 1300ಕ್ಕೂ ಹೆಚ್ಚು ಗಂಟುಗಳಿವೆ. ನೋಡಿದರೆ ಮೊದಲ ದಿನ ತಲೆ ತಿರುಗುತ್ತದೆ. ನೆಲದ ಮೇಲೆ ಬೀಳುವುದರಲ್ಲಿ ಬಹುಪಾಲು ಕಸ. ಲೂಟ್ ಫಿಲ್ಟರ್ ಹಾಕಿಕೊಂಡು ಕಸವನ್ನು ಮರೆಮಾಡಿದರೆ ಮಾತ್ರ ಕಣ್ಣಿಗೆ ಬೇಕಾದ್ದು ಕಾಣುತ್ತದೆ. ದೊಡ್ಡ ಹಂತಕ್ಕೆ ಹೋದ ಮೇಲೆ ಒಂದು ಸಲ ಸತ್ತರೆ ಆ ಲೆವೆಲ್‌ನ ಅನುಭವದಲ್ಲಿ ಶೇ. 10 ಹೋಗುತ್ತದೆ. ನೆಟ್ ಒಂದು ಕ್ಷಣ ತಡವರಿಸಿದರೂ ಸಾವು. ಲೆಕ್ಕ ಹಾಕುವುದು, ಯೋಜನೆ ಮಾಡುವುದು ಇಷ್ಟ ಇದ್ದವರು ಇಲ್ಲಿ ವರ್ಷಗಟ್ಟಲೆ ಮುಳುಗಬಹುದು. ಪುಕ್ಕಟೆ ನಿಜ, ಆದರೆ ಹೆಚ್ಚು ಆಡುವವರಿಗೆ ಸಾಮಾನು ಇಡುವ ಪೆಟ್ಟಿಗೆಗೆ ಹೆಚ್ಚಿನ ಟ್ಯಾಬ್‌ಗಳನ್ನು, ಅಂದರೆ ಖಾನೆಗಳನ್ನು ಕೊಳ್ಳದೆ ಗತಿಯಿಲ್ಲ. ಸೇಲ್ ಬರುವ ತನಕ ಕಾಯಿರಿ.

ಇವೆರಡರ ಮಧ್ಯೆ ಡಯಾಬ್ಲೊ 3ರ ಕಥೆ ಹೇಳಲೇಬೇಕು. 2012ರಲ್ಲಿ ಅದು ಬಂದಾಗ ಹರಾಜು ಕಟ್ಟೆಯೊಂದಿತ್ತು. ನಿಜವಾದ ದುಡ್ಡು ಕೊಟ್ಟೂ ಕತ್ತಿ, ಕವಚ ಕೊಳ್ಳಬಹುದಾಗಿತ್ತು. ಬಾಸ್ ಹೊಡೆಯುವ ಬದಲು ಜನ ಬೆಲೆಪಟ್ಟಿ ನೋಡುತ್ತಾ ಕೂತರು. ರಾಕ್ಷಸರನ್ನು ಕೊಂದು ಸಾಮಾನು ಗಳಿಸುವ ಮೂಲ ಆಟಕ್ಕೇ ಇದರಿಂದ ಪೆಟ್ಟು ಬೀಳುತ್ತಿದೆ ಅಂತ ಮಾಡಿದವರೇ ಒಪ್ಪಿಕೊಂಡು, 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ಬೇಕಾದ್ದನ್ನು ಕೊಳ್ಳಲು ಸಿಗುವ ಆಟದಲ್ಲಿ ಹುಡುಕುವ ಖುಷಿ ಉಳಿಯುವುದು ಕಷ್ಟ.

ಬಾರ್ಡರ್‌ಲ್ಯಾಂಡ್ಸ್ 2: ಒಂದು ಟಿವಿ, ಇಬ್ಬರು

ಕ್ಯಾತ್ಸಂದ್ರದವರಿಗೆ ಎರಡನೇ ಯೋಚನೆಯೇ ಬೇಡ. ಈ ಆಟ ಇರುವ ಹ್ಯಾಂಡ್ಸಮ್ ಕಲೆಕ್ಷನ್ ಅನ್ನುವ ಕಟ್ಟು ಹಾಕಿಕೊಂಡರೆ ಪಿಎಸ್4ನಲ್ಲಿ ಟಿವಿ ಪರದೆ ಎರಡು ಭಾಗವಾಗುತ್ತದೆ, ಪಕ್ಕಪಕ್ಕ ಕೂತು ಆಡಬಹುದು. ಇಲ್ಲಿ ಬೀಳುವುದು ಬಂದೂಕು. ಬಿಡಿಭಾಗಗಳನ್ನು ಆಟವೇ ಜೋಡಿಸಿ ಮಾಡುವುದರಿಂದ ಒಂದರ ಹಾಗೆ ಇನ್ನೊಂದು ಇರುವುದು ಅಪರೂಪ. ಆಟದೊಳಗಿನ ಟೆಡಿಯೋರ್ ಕಂಪನಿಯ ಗನ್‌ಗೆ ಗುಂಡು ತುಂಬುವುದಿಲ್ಲ, ಖಾಲಿಯಾದರೆ ಗನ್ನನ್ನೇ ಬಾಂಬ್ ಥರ ಎಸೆಯುತ್ತಾರೆ, ಕೈಯಲ್ಲಿ ಹೊಸದು ಬರುತ್ತದೆ. ಹೈಪೀರಿಯನ್ ಗನ್ ಹೊಡೆಯುತ್ತಾ ಹೋದ ಹಾಗೆ ಗುರಿ ನೆಟ್ಟಗಾಗುತ್ತದೆ. ಸಂಖ್ಯೆ ಮಾತ್ರ ಅಲ್ಲ, ಕೈಯಲ್ಲಿ ಹಿಡಿದಾಗಿನ ಅನುಭವವೇ ಬದಲಾಗುತ್ತದೆ. ಲೂಟ್ ಅಂದರೆ ಹೀಗಿರಬೇಕು.

ಒಂದು ಎಚ್ಚರಿಕೆ. ಬಿದ್ದ ಗನ್ ಇಬ್ಬರಿಗೂ ಸೇರಿ ಒಂದೇ. ಮೊದಲು ಎತ್ತಿಕೊಂಡವರದ್ದು. ಆಟ ಶುರು ಮಾಡುವ ಮುಂಚೆಯೇ ಯಾರಿಗೆ ಯಾವ ಬಗೆಯ ಗನ್ ಅಂತ ಮಾತಾಡಿಕೊಳ್ಳಿ.

ಹಳೇ ಲ್ಯಾಪ್‌ಟಾಪ್, ನೆಟ್ ಇಲ್ಲ

ಟಾರ್ಚ್‌ಲೈಟ್ 2 ನೋಡಿ. 2012ರ ಆಟ, ಹಳೇ ಯಂತ್ರದಲ್ಲೂ ಸಲೀಸಾಗಿ ಓಡುತ್ತದೆ. ನೆಟ್ ಬೇಡ. ಪಿಜಿಯಲ್ಲಿ ನಾಲ್ಕು ಜನ ಒಂದೇ ರೌಟರಿಗೆ ಸೇರಿಕೊಂಡು ಲ್ಯಾನ್‌ನಲ್ಲಿ ಆಡಬಹುದು, ಹೊರಗಿನ ನೆಟ್ ಸತ್ತಿದ್ದರೂ ಚಿಂತೆಯಿಲ್ಲ. ಜೊತೆಗೆ ಒಂದು ಸಾಕುಪ್ರಾಣಿ ಇರುತ್ತದೆ. ಚೀಲ ತುಂಬಿದಾಗ ಬೇಡದ ಸಾಮಾನನ್ನು ಅದರ ಬೆನ್ನಿಗೆ ಹೊರಿಸಿ ಊರಿಗೆ ಕಳಿಸಿದರೆ ತಾನೇ ಮಾರಿ ದುಡ್ಡು ತರುತ್ತದೆ. ನೀವು ಹೊಡೆದಾಟ ನಿಲ್ಲಿಸಬೇಕಾಗಿಲ್ಲ. ಆಟ ಸ್ವಲ್ಪ ಮಕ್ಕಳ ಬಣ್ಣದ್ದು, ಆಳ ಕಡಿಮೆ. ಆಳ ಬೇಕು, ಕತ್ತಲೆಯ ಕಥೆ ಬೇಕು, ಲ್ಯಾಪ್‌ಟಾಪ್ ಸ್ವಲ್ಪ ಗಟ್ಟಿಯಿದೆ ಅಂದರೆ 2016ರ ಗ್ರಿಮ್ ಡಾನ್. ಅದೂ ಆಫ್‌ಲೈನ್. ಎರಡು ವಿದ್ಯೆಗಳನ್ನು ಬೆರೆಸಿ ನಿಮ್ಮದೇ ವೀರನನ್ನು ಕಟ್ಟಿಕೊಳ್ಳಬಹುದು.

ಮೊಬೈಲ್ ಮಾತ್ರ ಇದ್ದರೆ

ಗೆನ್ಶಿನ್ ಇಂಪ್ಯಾಕ್ಟ್ ಚೆಂದದ ಆಟ, ಪುಕ್ಕಟೆ. ಅಲ್ಲಿ ಗ್ರೈಂಡ್‌ಗೇ ಮಿತಿ ಇದೆ. ರೆಸಿನ್ ಅನ್ನುವ ಶಕ್ತಿ 8 ನಿಮಿಷಕ್ಕೆ ಒಂದರಂತೆ ತುಂಬುತ್ತದೆ, ಅಂದರೆ ದಿನಕ್ಕೆ 180. ಪಾತ್ರಕ್ಕೆ ಬಲ ಕೊಡುವ ಆರ್ಟಿಫ್ಯಾಕ್ಟ್ ಅನ್ನುವ ಸಾಮಾನು ಸಿಗುವ ಒಂದು ಸುತ್ತಿಗೆ 20 ಬೇಕು. ಹಾಗಾಗಿ ದಿನಕ್ಕೆ ಒಂಬತ್ತು ಸುತ್ತು, ಅಷ್ಟೇ. ಪರೀಕ್ಷೆ ಇರುವವರಿಗೆ ಇದು ಒಳ್ಳೆಯದೇ. ಆದರೆ ಹೊಸ ಪಾತ್ರಗಳು ಲಾಟರಿಯಲ್ಲಿ ಸಿಗುತ್ತವೆ, ಅಲ್ಲಿ ದುಡ್ಡು ಸೋರುತ್ತದೆ.

ಡಯಾಬ್ಲೊ ಇಮ್ಮಾರ್ಟಲ್ ಕೈಯಲ್ಲಿ ತುಂಬಾ ಚೆನ್ನಾಗಿ ಆಡುತ್ತದೆ. ಆದರೂ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಬಲ ಬರುವುದು ಲೆಜೆಂಡರಿ ಜೆಮ್ ಅನ್ನುವ ಹರಳುಗಳಿಂದ, ಅವು ದುಡ್ಡಿನ ಹಿಂದೆ ಇವೆ. ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್‌ನಲ್ಲಿ ಆ ಆಟ ಬಿಡುಗಡೆಯೇ ಆಗಲಿಲ್ಲ. ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಯುಪಿಐ, ಕಾರ್ಡ್ ಜೋಡಿಸಿಡಬೇಡಿ. ಇದನ್ನು ಮಾತ್ರ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಕೊಂಡ ಮೇಲೆ

ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಕಥೆ ನೋಡುತ್ತಾ ಕಳೆಯಬೇಡಿ. ಬೇಗ ಬೇಗ ಹೊಡೆದಾಟಕ್ಕೆ ಹೋಗಿ. ಒಂದೇ ಜಾಗವನ್ನು ಬೇಕಂತಲೇ ಐದು ಸಲ ಮಾಡಿ. ಬಿದ್ದದ್ದನ್ನು ಎತ್ತಿಕೊಳ್ಳಲೂ ಬೇಡಿ. ಐದನೇ ಸಲ ಕೈ ಇನ್ನೂ ಹಗುರವಾಗಿದ್ದರೆ ಇಟ್ಟುಕೊಳ್ಳಿ. ಮೂರನೇ ಸಲಕ್ಕೇ ಗಡಿಯಾರ ನೋಡಿದಿರಿ ಅಂದರೆ ವಾಪಸ್ ಮಾಡಿ.

ಅಕ್ಕನ ಮಗ ಟಾರ್ಚ್‌ಲೈಟ್ 2 ಹಾಕಿಕೊಂಡ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದ. ಪಿಜಿಯಲ್ಲಿ ಕರೆಂಟ್ ಹೋಗಿತ್ತಂತೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಆಡುತ್ತಿದ್ದ. ಹಿಂದಿನಿಂದ ಇನ್ನೊಬ್ಬ ಹುಡುಗನ ದನಿ ಕೇಳುತ್ತಿತ್ತು. "ಏನಾದ್ರೂ ಬಿತ್ತೇನೋ?" ಅಂದೆ.

"ಏನೂ ಬಿದ್ದಿಲ್ಲ ಚಿಕ್ಕಮ್ಮ. ಇನ್ನು ಹದಿನೆಂಟು ಪರ್ಸೆಂಟ್ ಬ್ಯಾಟರಿ ಇದೆ, ಇನ್ನೆರಡು ಸುತ್ತು ಆಗುತ್ತೆ, ಇಡ್ಲಾ?" ಅಂದ.